ಅಪ್ಪನ ಗಡ್ಡಕ್ಕೊಂದು ಮೆತ್ತನೆ ಸೋಪು

ಗಡ್ಡ ಮಾಡುವ ಸೋಪನ್ನು ಆರಿಸುವ ವಿದ್ಯೆ ನನಗೆ ಬಂದದ್ದು ನಮ್ಮ ದೊಡ್ಡಪ್ಪನ ಮೇಲಿನ ಹಗೆಯಿಂದ. ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬಹಳ ವರ್ಷ ನರ್ಸ್ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಹೊಸದಾಗಿ ಸೇರಿದ ಹುಡುಗಿಯರು ಇವತ್ತಿಗೂ ಆಗಾಗ ಫೋನ್ ಮಾಡುತ್ತಾರೆ.

"ಮೇಡಂ, ನಮ್ಗೆ ದಾಡಿ ಮಾಡಿ ರೂಢಿ ಇಲ್ರಿ. ಬೇಗ ನೊರೆ ಬರೋ ಸೋಪು ಯಾವ್ದು ತಗೊಳ್ಳೋಣ?"

"ಮೆತ್ತಗಿರೋದು ತಗೊಳ್ರಿ. ಹೆಬ್ಬೆಟ್ಟಿನಿಂದ ಒತ್ತಿದ್ರೆ ತಗ್ಗು ಬೀಳಬೇಕು" ಎನ್ನುತ್ತೇನೆ. ಥ್ಯಾಂಕ್ಸ್ ಹೇಳಿ ಇಡುತ್ತಾರೆ. ಅಷ್ಟು ಸಣ್ಣ ಮಾತು ಕಲಿಯಲು ಹದಿಮೂರು ವರ್ಷದ ಹುಡುಗಿಗೆ ಎಷ್ಟು ಸಿಟ್ಟು ಬೇಕಾಯಿತು ಎಂಬುದು ಅವರಿಗೆ ಗೊತ್ತಿಲ್ಲ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮದು ಒಂದೇ ಬಾಗಿಲಿನ ಎರಡು ಸಂಸಾರದ ಮನೆ. ಮುಂದಿನ ಜಗಲಿ, ಅದರ ಹಿಂದೆ ಪಡಸಾಲೆ, ಎಡಕ್ಕೆ ದೊಡ್ಡಪ್ಪ ದೊಡ್ಡಮ್ಮನ ಕೋಣೆ, ಬಲಕ್ಕೆ ನಮ್ಮದು, ನಡುವೆ ಅಡುಗೆಮನೆ. ಎಲ್ಲಕ್ಕಿಂತ ಹಿಂದೆ, ಬಚ್ಚಲಿಗೆ ತಾಗಿದಂತೆ, ಹದಡಿಯ ಹೊಲದಿಂದ ಬಂದ ಜೋಳದ ಚೀಲಗಳನ್ನು ಒಟ್ಟುವ ಕತ್ತಲೆ ಕೋಣೆ. ಹೊಲ ನೋಡಿಕೊಳ್ಳುತ್ತಿದ್ದವನು ದೊಡ್ಡಪ್ಪ; ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ದೊಡ್ಡಪ್ಪನಿಗೆ ಎದುರಿಗೆ ನಾವೆಲ್ಲ ಬಹುವಚನ ಹಾಕುತ್ತಿದ್ದೆವು, ಅವನ ಮುಂದೆ ಯಾರೂ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಈಗ ಬರೆಯುವಾಗ ಏಕವಚನ ಹಾಕುತ್ತಿದ್ದೇನೆ. ಇದೂ ನನ್ನ ಸೇಡಿನ ಒಂದು ಪಾಲೆಂದೇ ತಿಳಿಯಿರಿ.

ಅಪ್ಪ ದಿನಾ ಬೆಳಿಗ್ಗೆ ಜಗಲಿಯ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಮಾಡಿಕೊಳ್ಳುತ್ತಿದ್ದ. ಅದಾಗುವವರೆಗೆ ಕಾಫಿ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಬೆರಳುಗಳ ಹಿಂಬದಿಯಿಂದ ಗದ್ದದ ಕೆಳಗಿನಿಂದ ಮೇಲಕ್ಕೆ ಸವರಿ ನೋಡಿಕೊಳ್ಳುವನು; ಎಲ್ಲಿಯಾದರೂ ತಡೆದರೆ ಮತ್ತೆ ರೇಜರ್ ಎತ್ತಿಕೊಳ್ಳುವನು. ಬಟ್ಟೆ ಹಳೆಯದಾದರೂ ಮುಖ ಮಾತ್ರ ಆಗಷ್ಟೇ ತೊಳೆದಿಟ್ಟ ಪಾತ್ರೆಯ ಹಾಗೆ. ಹೆಚ್ಚು ಮಾತಿನವನಲ್ಲ. ಆದರೆ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ದೊಡ್ಡಪ್ಪ, ನಮ್ಮಕ್ಕ ಸರೋಜಳನ್ನು ದೊಡ್ಡಮ್ಮನ ತಮ್ಮನಿಗೆ ಕೊಡೋಣ ಎಂದು ಮಾತು ತೆಗೆದ. ಕೊಂಡಜ್ಜಿ ಎಂಬ ಹಳ್ಳಿಯ ಆ ಮನುಷ್ಯನಿಗೆ ಅಕ್ಕನ ಎರಡರಷ್ಟು ವಯಸ್ಸು. ಮೊದಲ ಹೆಂಡತಿ ಏಟು ತಡೆಯಲಾರದೆ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಅಕ್ಕನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಅಪ್ಪ ಪಲ್ಯದಿಂದ ತಲೆ ಎತ್ತಲಿಲ್ಲ.

"ಆ ಮನಿಗೆ ನನ್ ಮಗಳ್ನ ಕೊಡಂಗಿಲ್ಲಣ್ಣ" ಎಂದ.

"ವಿಚಾರ ಮಾಡಿ ಹೇಳಪ್ಪ."

"ಮಾಡೇ ಹೇಳೀನಿ."

ಮನೆಯಲ್ಲಿ ದೊಡ್ಡಪ್ಪನ ಮಾತಿಗೆ ಯಾರಾದರೂ ಇಲ್ಲ ಎಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಅಕ್ಕ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಮೂರು ತಿಂಗಳು ಕಳೆದಿರಲಿಲ್ಲ, ಅಪ್ಪನಿಗೆ ಗಿರಣಿಯಲ್ಲೇ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಬಾಯಿ ಒಂದು ಕಡೆ ಸೊಟ್ಟಗಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಇತ್ತು, ಆದರೆ ಒಂದು ಮಾತು ಹೊರಡಿಸಲು ಹೊತ್ತು ಹಿಡಿಯುತ್ತಿತ್ತು. ಕಾಯುವ ತಾಳ್ಮೆ ಇದ್ದವರಿಗೆ ಅಪ್ಪ ಎಲ್ಲವನ್ನೂ ಸರಿಯಾಗಿಯೇ ಹೇಳುತ್ತಿದ್ದ. ದೊಡ್ಡಪ್ಪ ಕಾಯಲಿಲ್ಲ. ಬಂದ ವಾರದಲ್ಲೇ, ಬಚ್ಚಲು ಹತ್ತಿರ ಎಂಬ ನೆಪ ಹೇಳಿ ಅಪ್ಪನ ಹಾಸಿಗೆಯನ್ನು ಜೋಳದ ಚೀಲದ ಕೋಣೆಗೆ ಹಾಕಿಸಿದ. ಗಡ್ಡ ಮಾಡಲು ಎರಡು ಸಲ ಮನೆಗೆ ಬಂದ ಕ್ಷೌರದವನನ್ನು ಮೂರನೆಯ ಸಲ ಜಗಲಿಯಿಂದಲೇ ತಿರುಗಿಸಿ ಕಳಿಸಿದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಇನ್ ಬರಬ್ಯಾಡಪ್ಪ. ನಮ್ ತಮ್ಮಗೆ ಬ್ಲೇಡ್ ಕಂಡ್ರೆ ಹುಚ್ಚು ಕೆರಳ್ತೈತೆ. ನಿನ್ ಕೈ ಮುರಿದಾನು."

ಸುಳ್ಳು. ಅಪ್ಪ ಆ ಹೊತ್ತಿಗೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕಾಯುತ್ತ ಕೂತಿದ್ದ. ತಿಂಗಳಾಗುವುದರಲ್ಲಿ ಗಡ್ಡ ಮುಖ ತುಂಬಿತು, ಸೊಟ್ಟಬಾಯಿಯ ಜೊಲ್ಲು ಅದರಲ್ಲಿ ಇಳಿದು ಒಣಗಿತು, ಮೇಲೆ ಚೀಲದ ಧೂಳು ಕೂತಿತು. ಹರಿಹರದಿಂದ ಅವ್ವನ ಅಪ್ಪ, ನಮ್ಮಜ್ಜ, ಅಳಿಯನನ್ನು ನೋಡಲು ಬಂದಾಗ ದೊಡ್ಡಪ್ಪ ಆ ಕೋಣೆಯ ಬಾಗಿಲನ್ನು ಅರ್ಧ ಮಾತ್ರ ತೆರೆದು ತೋರಿಸಿದ. ಅಜ್ಜ ಹೊಸ್ತಿಲ ಮೇಲೇ ನಿಂತು ನೋಡಿ, ಕಣ್ಣೊರೆಸಿಕೊಂಡು, ಕಾಫಿ ಕುಡಿಯದೆ ಹೋದ. ಆ ಸಂಜೆಯೇ ದೊಡ್ಡಪ್ಪ ಅವ್ವನಿಗೆ ಕೇಳುವ ಹಾಗೆ ದೊಡ್ಡಮ್ಮನಿಗೆ ಹೇಳಿದ:

"ಅವನಿಗಂತೂ ಬುದ್ಧಿ ಹೋಗೈತೆ. ಇನ್ ಸರೋಜಿ ವಿಷ್ಯ ನಾನೇ ನೋಡ್ಬೇಕಲ್ಲ."

ಬಾವನ ಎದುರು ಅವ್ವ ಜೀವಮಾನದಲ್ಲಿ ಬಾಯಿ ತೆರೆದವಳಲ್ಲ. ಒಲೆಯ ಮುಂದೆ ಕೂತು ಉರಿಯಿಲ್ಲದ ಕಟ್ಟಿಗೆಯನ್ನು ಊದುತ್ತಿದ್ದಳು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ಆ ತಣ್ಣನೆಯ ಕೈ ಬಿಡಿಸಿಕೊಂಡು ಎದ್ದ ನಾನು ಬೇರೆಯೇ ಹುಡುಗಿ. ಅಲ್ಲಿಯವರೆಗೆ ಲಗೋರಿ, ಕುಂಟೆಬಿಲ್ಲೆ ಬಿಟ್ಟು ಬೇರೆ ಯೋಚನೆ ಇರಲಿಲ್ಲ. ಅಂದಿನಿಂದ ದೊಡ್ಡಪ್ಪನನ್ನು ಬೀಳಿಸುವುದು ಹೇಗೆ ಎಂಬ ಒಂದೇ ಯೋಚನೆ.

ಮಾರನೆಯ ದಿನ ಅವನು ಹದಡಿಗೆ ಹೋದಾಗ ಅಪ್ಪನ ರೇಜರ್, ಬ್ರಷ್ಷು ಹುಡುಕಿ ತೆಗೆದೆ. ಅಪ್ಪನ ಸೋಪು ತೀರಿಹೋಗಿತ್ತು. ಮೊದಲು ಮೈಸೋಪಿನಿಂದ ನೋಡಿದೆ. ಬುಳುಬುಳು ಗುಳ್ಳೆ ಎದ್ದು, ರೇಜರ್ ಎತ್ತುವಷ್ಟರಲ್ಲಿ ಎಲ್ಲ ಆರಿಹೋಯಿತು. ಆಮೇಲೆ ದೊಡ್ಡಪ್ಪನ ಕೋಣೆಯ ಗೂಡಿನಿಂದ ಅವನ ದುಂಡನೆಯ ಸೋಪನ್ನೇ ಕದ್ದು ತಂದೆ. ಕಲ್ಲಿನಂಥ ಸೋಪು. ನಮ್ಮ ಬೋರಿನ ನೀರಿನಲ್ಲಿ ಬ್ರಷ್ಷನ್ನು ಎಷ್ಟು ತಿರುವಿದರೂ ಹಾಲು ಒಡೆದ ಹಾಗೆ ಬಿಳಿ ಚೂರುಗಳಾದವೇ ಹೊರತು ನೊರೆ ನಿಲ್ಲಲಿಲ್ಲ. ಅವಸರ ಮಾಡಿ ಒಣ ಕೆನ್ನೆಯ ಮೇಲೇ ರೇಜರ್ ಎಳೆದೆ. ಕಿವಿಯ ಕೆಳಗೆ ಸೀಳಿ ರಕ್ತ ಬಂತು. ಅಪ್ಪ ಎಡಗೈಯಲ್ಲಿ ಟವೆಲ್ ಒತ್ತಿಹಿಡಿದು, "ಇರ್ಲಿ... ಬಿಡು" ಎಂದ. ಸಂಜೆ ದೊಡ್ಡಪ್ಪ ಗೂಡಿನಲ್ಲಿ ಒದ್ದೆ ಸೋಪು ಕಂಡು ನನ್ನ ಜಡೆ ಹಿಡಿದು ಪಡಸಾಲೆಗೆ ಎಳೆದ.

"ಹೆಣ್ಣುಮಗಳು ಅಪ್ಪನ ಮುಖಕ್ಕೆ ಬ್ಲೇಡು ಹಾಕ್ತಾಳೆ! ನಾಳೆ ಊರೆಲ್ಲ ಬೋಳಿಸ್ತೀಯೇನು?"

ಜಡೆ ಹಿಡಿದದ್ದನ್ನು ಬೇಕಾದರೆ ಬಿಟ್ಟುಬಿಡುತ್ತೇನೆ. ಮುಂದಿನ ವಾರ ಮಾಡಿದ್ದನ್ನು ಬಿಡಲಾರೆ. ಯಾರೋ ನೆಂಟರು ಬಂದಾಗ ಅವರನ್ನು ಕೋಣೆಯವರೆಗೆ ಕರೆದುಕೊಂಡು ಹೋಗಿ ಅಪ್ಪನ ಕಿವಿಯ ಕೆಳಗಿನ ಗಾಯವನ್ನು ಬೆರಳಿಟ್ಟು ತೋರಿಸಿದ. "ನೋಡ್ರಿ, ತಾನೇ ಕುಯ್ಕೊಂಡಾನೆ. ಅದ್ಕೇ ಬ್ಲೇಡೆಲ್ಲ ಬಚ್ಚಿಟ್ಟೀವಿ." ನನ್ನ ಕೈಯ ತಪ್ಪನ್ನು ಎತ್ತಿಕೊಂಡು ಅಪ್ಪನ ಹುಚ್ಚಿಗೆ ಸಾಕ್ಷಿ ಮಾಡಿಕೊಂಡ. ಅಪ್ಪ ಏನೋ ಹೇಳಲು ಬಾಯಿ ತೆರೆದ; ಮಾತು ಹೊರಡುವ ಮೊದಲೇ ಬಾಗಿಲು ಮುಚ್ಚಿತು. ಆ ಬಾಗಿಲ ಸದ್ದಿಗೆ ನಾನು ಆಣೆ ಮಾಡಿದೆ: ಇನ್ನೊಮ್ಮೆ ರೇಜರ್ ಹಿಡಿದರೆ ಒಂದು ಗೀರೂ ಬೀಳಬಾರದು, ಮತ್ತು ಅದನ್ನು ಇವನ ಕಣ್ಣೆದುರಿಗೇ ಮಾಡಬೇಕು.

ದಸರೆಯ ರಜೆಗೆ ನಾನು ಹರಿಹರದ ಅಜ್ಜನ ಮನೆಗೆ ಹೋದೆ. ಹೊಳೆಗೆ ಹತ್ತಿರದ ಓಣಿ, ಅಂಗಳದಲ್ಲಿ ಒಂದು ಕಲ್ಲಿನ ಕಟ್ಟೆ. ವಾರಕ್ಕೆರಡು ಸಲ ಹನುಮಂತಪ್ಪ ಎಂಬ ಕ್ಷೌರಿಕ ತಗಡಿನ ಪೆಟ್ಟಿಗೆ ಹಿಡಿದು ಬಂದು ಅಜ್ಜನಿಗೆ ಆ ಕಟ್ಟೆಯ ಮೇಲೆ ಗಡ್ಡ ಮಾಡುತ್ತಿದ್ದ. ಅಜ್ಜನಿಗೆ ನಾನು ಮೊದಲೇ ಹೇಳಿ ನೋಡಿದ್ದೆ.

"ಅಪ್ಪಗೆ ಬುದ್ಧಿ ನೆಟ್ಟಗೈತೆ ಅಜ್ಜ. ದೊಡ್ಡಪ್ಪ ಸುಳ್ ಹೇಳ್ತಾರೆ."

"ನಾನೇ ಕಣ್ಣಾರೆ ನೋಡಿ ಬಂದೀನಲ್ಲವ್ವ. ಮುಖದ ತುಂಬ ಗಡ್ಡ, ಗಡ್ಡದ ತುಂಬ ಜೊಲ್ಲು. ನಾ ಏನ್ ತಿಳ್ಕೋಬೇಕು ಹೇಳು."

ಅಂದರೆ ಎಲ್ಲವೂ ಆ ಗಡ್ಡದ ಮೇಲೇ ನಿಂತಿತ್ತು. ದೊಡ್ಡಪ್ಪನಿಗೆ ಅದು ಮೊದಲೇ ಗೊತ್ತಿತ್ತು. ನಾನು ಹನುಮಂತಪ್ಪನ ಎದುರು ಕುಕ್ಕರಗಾಲಲ್ಲಿ ಕೂತು ಅವನ ಮಣಿಕಟ್ಟನ್ನೇ ನೋಡತೊಡಗಿದೆ.

"ಯಾಕವ್ವಾ, ಹಂಗ್ ನೋಡ್ತಿ? ನಿಂಗೂ ಗಡ್ಡ ಬಂದೈತೇನು?"

"ನಮ್ಮಪ್ಪಗೆ ಮಾಡ್ಬೇಕು. ನಂಗೆ ನೊರೆ ನಿಲ್ಲಲ್ಲ."

ಅವನು ನಗುವುದನ್ನು ಬಿಟ್ಟ. ಯಾವ ಸೋಪು, ಯಾವ ನೀರು ಎಂದು ಕೇಳಿದ. ಹೇಳಿದೆ.

"ಅದು ಕೈ ಪಳಗಿದೋರ ಸೋಪು. ಎರಡು ವರ್ಷ ಬಾಳಿಕಿ ಬರ್ತೈತೆ, ಆದ್ರೆ ಸುಮ್ನೆ ನೊರೆ ಕೊಡಲ್ಲ. ಹೊಸಬರಿಗೆ ಅದು ಬ್ಯಾಡ. ಅಂಗಡಿಗೆ ಹೋದ್ರೆ ವಾಸ್ನಿ ನೋಡಬ್ಯಾಡ, ಡಬ್ಬಿ ಚಿತ್ರ ನೋಡಬ್ಯಾಡ. ಹೆಬ್ಬೆಟ್ಟು ಒತ್ತಿ ನೋಡು. ಬೆಣ್ಣಿ ಹಂಗೆ ತಗ್ಗಿದ್ರೆ ತಗೋ. ನೀರು ನಳದ್ದೇ ಇರ್ಲಿ. ಬೋರಿನ ನೀರಾಗ ಬ್ಯಾಳಿ ಬೇಯಲ್ಲ, ಸೋಪು ಎಲ್ಲಿ ನೊರೆ ಬರ್ತೈತೆ?"

ಬ್ರಷ್ಷನ್ನು ಬಿಸಿನೀರಿನಲ್ಲಿ ನೆನೆಹಾಕಿ, ಕೊಡವಿ, ಆಮೇಲೆ ಸೋಪಿನ ಮೇಲೆ ತಿರುವಬೇಕು. ನೊರೆಯಲ್ಲಿ ಗುಳ್ಳೆ ಕಂಡರೆ ನೀರು ಹೆಚ್ಚಾಯಿತೆಂದು ಅರ್ಥ. ಗಟ್ಟಿ ಮೊಸರಿನ ಹಾಗೆ ಬ್ರಷ್ಷಿನ ತುದಿಯಲ್ಲಿ ನಿಲ್ಲಬೇಕು. ಉದ್ದ ಗಡ್ಡಕ್ಕೆ ಮೊದಲು ಕತ್ತರಿ, ಕೊನೆಗೆ ರೇಜರ್. ಇಷ್ಟನ್ನೂ ಹೇಳಿ ಅವನು ಬ್ರಷ್ಷನ್ನು ನನ್ನ ಕೈಗೆ ಕೊಟ್ಟ. ಅಜ್ಜ ಕಣ್ಣು ಮುಚ್ಚಿಕೊಂಡೇ ಹೇಳಿದ:

"ನನ್ ಗಲ್ಲದ ಮ್ಯಾಲೇ ಕಲೀಲಿ ಬಿಡು ಹನುಮಂತಪ್ಪ. ಈ ವಯಸ್ಸಿಗೆ ನನ್ ಮುಖ ಯಾರ್ ನೋಡ್ಬೇಕಾಗೈತೆ."

ರಜೆ ಮುಗಿಯುವುದರೊಳಗೆ ನನ್ನ ಕೈಗೆ ಅಂದಾಜು ಸಿಕ್ಕಿತ್ತು. ಅಜ್ಜನ ಎಡಮೀಸೆಯ ತುದಿ ಒಂದು ಬೆರಳಷ್ಟು ಹಾರಿಹೋಗಿತ್ತು. ದಾವಣಗೆರೆಗೆ ಬಂದವಳೇ ಅವ್ವನ ಮುಂದೆ ನಿಂತು, ಸೋಪು, ಹೊಸ ಬ್ಲೇಡು ತರಬೇಕು ಎಂದೆ. ಅವ್ವ ಏನೂ ಕೇಳದೆ ಸೆರಗಿನ ಗಂಟು ಬಿಚ್ಚಿದಳು. ಪೇಟೆಯ ಅಂಗಡಿಯ ಸಾಬರು ಮೂರು ಡಬ್ಬಿ ತೆಗೆದಿಟ್ಟರು. ನಾನು ಮುಚ್ಚಳ ತೆಗೆದು ಹೆಬ್ಬೆಟ್ಟು ಒತ್ತಲು ಹೋದಾಗ ಕೈ ಅಡ್ಡ ಹಿಡಿದರು.

"ಅರೆ ಬೇಟಿ, ಇದು ಮಾವಿನಹಣ್ಣಾ ಒತ್ತಿ ನೋಡೋಕೆ?"

"ಮೆತ್ತಗಿದ್ರೇನೆ ತಗೊಳ್ಳೋದ್ರಿ."

ನನ್ನ ಮುಖದಲ್ಲಿ ಏನು ಕಂಡರೋ, ಕೈ ತೆಗೆದರು. ಮೊದಲನೆಯದು ಕಲ್ಲು. ಎರಡನೆಯದರಲ್ಲಿ ಉಗುರಿನ ಗುರುತು ಮಾತ್ರ ಬಿತ್ತು. ಮೂರನೆಯದು, ಹಳದಿ ಡಬ್ಬಿಯ ವಾಸನೆಯಿಲ್ಲದ ಸೋಪು, ಹೆಬ್ಬೆಟ್ಟನ್ನು ಒಳಗೆ ಬಿಟ್ಟುಕೊಂಡಿತು. ಅದನ್ನು ಲಂಗದ ಮಡಿಕೆಯಲ್ಲಿ ಮುಚ್ಚಿ ತಂದು ಅಕ್ಕಿಡಬ್ಬಿಯಲ್ಲಿ ಹೂತಿಟ್ಟೆ.

ಕೊಂಡಜ್ಜಿಯವರು ಮಾತುಕತೆಗೆ ಬರುವುದು ಒಂದು ಭಾನುವಾರ ಎಂದು ಗೊತ್ತಾಯಿತು. ತಾಯಿಯ ಕಡೆಯ ಹಿರಿಯನೆಂದು ಅಜ್ಜನನ್ನೂ ಕರೆಸಿದ್ದರು. ಬೆಳಿಗ್ಗೆ ದೊಡ್ಡಪ್ಪ ಇಸ್ತ್ರಿ ಮಾಡಿದ ಪಂಚೆಯುಟ್ಟು ಎಲ್ಲರನ್ನೂ ಕರೆತರಲು ಬಸ್ ಸ್ಟ್ಯಾಂಡಿಗೆ ಹೋದ. ದೊಡ್ಡಮ್ಮ ಅಡುಗೆಮನೆಯಲ್ಲಿ ಮಿರ್ಚಿಗೆ ಹಿಟ್ಟು ಕಲೆಸುತ್ತಿದ್ದಳು. ನಾನು ಬೇಳೆ ಬೇಯಿಸಲೆಂದು ಅವ್ವ ತುಂಬಿಟ್ಟಿದ್ದ ನಳದ ನೀರನ್ನು ಕಾಯಿಸಿದೆ. ಅಕ್ಕ ಕನ್ನಡಿ ಹಿಡಿದಳು. ಅವ್ವ ಜೋಳದ ಕೋಣೆಯ ಬಾಗಿಲಿಗೆ ಒಳಗಿನಿಂದ ಬೆನ್ನು ಕೊಟ್ಟು ನಿಂತಳು. ಕತ್ತರಿ ಹಾಕಿದಾಗ ಗಡ್ಡ ಉಂಡೆಯುಂಡೆಯಾಗಿ ಟವೆಲಿನ ಮೇಲೆ ಬಿತ್ತು. ಬ್ರಷ್ಷನ್ನು ಹತ್ತು ಸುತ್ತು ತಿರುವುವಷ್ಟರಲ್ಲಿ ಬಟ್ಟಲು ತುಂಬ ನೊರೆ, ಮೊಸರಿನಂಥದ್ದು, ಕುಸಿಯದ್ದು. ಅಪ್ಪನ ಕೆನ್ನೆಗೆ ಹಚ್ಚಿದರೆ ಹಚ್ಚಿದ ಹಾಗೇ ನಿಂತಿತು. ರೇಜರ್ ತನ್ನ ದಾರಿಯನ್ನು ತಾನೇ ಕಂಡುಕೊಂಡು ಇಳಿಯಿತು. ಪ್ರತಿ ಎಳೆತಕ್ಕೂ ನಾನು ಒಳಗೊಳಗೇ ದೊಡ್ಡಪ್ಪನ ಹೆಸರು ಹೇಳುತ್ತಿದ್ದೆ, ಶಾಪ ಹಾಕುವವರು ಹೇಳುವ ಹಾಗೆ. ಒಂದು ಗೀರೂ ಬೀಳಲಿಲ್ಲ. ಮುಖ ತೊಳೆದ ಮೇಲೆ ಅಪ್ಪ ಎಡಗೈ ಬೆರಳುಗಳ ಹಿಂಬದಿಯಿಂದ ಗದ್ದದ ಕೆಳಗೆ ಸವರಿ ನೋಡಿಕೊಂಡ. ಎಲ್ಲಿಯೂ ತಡೆಯಲಿಲ್ಲ. ಮೂವರೂ ಹಿಡಿದು ಅವನನ್ನು ಪಡಸಾಲೆಯ ಕುರ್ಚಿಯಲ್ಲಿ, ದೊಡ್ಡಪ್ಪನ ಕುರ್ಚಿಯಲ್ಲಿ, ಕೂರಿಸಿದೆವು.

ಮಂದಿಯನ್ನು ಹಿಂದಿಟ್ಟುಕೊಂಡು ನಗುನಗುತ್ತ ಒಳಗೆ ಬಂದ ದೊಡ್ಡಪ್ಪನ ಒಂದು ಕಾಲು ಹೊಸ್ತಿಲಿನಾಚೆಯೇ ಉಳಿಯಿತು. ಆ ಮುಖವನ್ನು ನಾನು ಇವತ್ತಿಗೂ ಬೇಕೆಂದಾಗ ತೆಗೆದು ನೋಡಿಕೊಳ್ಳುತ್ತೇನೆ. ಯಾರೋ ತಣ್ಣೀರು ಸುರಿದ ಹಾಗಿತ್ತು. ಬಂದವರೆಲ್ಲ ಅಪ್ಪನಿಗೆ ಕೈ ಮುಗಿದರು. ಅಪ್ಪ ಎಡಗೈ ಎದೆಗೆ ತಂದು, "ಕೂಡ್ರಿ" ಎಂದ. ದೊಡ್ಡಪ್ಪ ಸಾವರಿಸಿಕೊಂಡ.

"ಅವನಿಗೇನ್ ತಿಳಿಯಲ್ರಿ. ಸುಮ್ನೆ ಬಾಯಿ ಆಡಿಸ್ತಾನೆ."

ಅಜ್ಜ ಕುರ್ಚಿಯ ಹತ್ತಿರ ಹೋಗಿ ಬಗ್ಗಿದ.

"ಅಳಿಯಂದ್ರೆ, ನಾ ಯಾರು ಗೊತ್ತಾಯ್ತೇನು?"

ಅಪ್ಪನ ಬಾಯಿ ಮಾತಿಗಾಗಿ ಹೆಣಗಿತು. ದೊಡ್ಡಪ್ಪ ನಡುವೆ ಮಾತಾಡಲು ಹೊರಟಾಗ ಅಜ್ಜ ಕೈಯೆತ್ತಿ ತಡೆದ. ಎಲ್ಲರೂ ಕಾದರು.

"ಗೊತ್ತು... ಮಾವರೇ. ನಿಮ್ ಎಡಮೀಸಿ... ಯಾಕ ಗಿಡ್ಡಾಗೈತೆ?"

ಕೊಂಡಜ್ಜಿಯ ಒಬ್ಬ ಮುದುಕ ಮೊದಲು ನಕ್ಕ, ಆಮೇಲೆ ಎಲ್ಲರೂ. ಅಜ್ಜ ಮಾತ್ರ ನಗಲಿಲ್ಲ. ದೊಡ್ಡಪ್ಪನ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ಅಪ್ಪನನ್ನು ಕೇಳಿದ: "ಸರೋಜಿ ವಿಷ್ಯಕ್ಕೆ ಏನ್ ಹೇಳ್ತೀರಿ?"

"ಕೊಡಂಗಿಲ್ಲ. ಮೊದ್ಲೇ... ಹೇಳೀನಿ ಅಣ್ಣಗೆ."

ಅಲ್ಲಿಗೆ ಮುಗಿಯಿತು. ಹುಡುಗಿಯ ಅಪ್ಪನೇ ಎದುರಿಗೆ ಕೂತು ಇಲ್ಲ ಎಂದ ಮೇಲೆ ಯಾರು ಮುಂದುವರಿಸುತ್ತಾರೆ? ಒಗ್ಗರಣೆ ಮಂಡಕ್ಕಿ, ಮಿರ್ಚಿಯ ತಟ್ಟೆಗಳನ್ನು ನಾನೇ ಹಂಚಿದೆ. ದೊಡ್ಡಪ್ಪನಿಗೆ ಕೊನೆಯಲ್ಲಿ ಕೊಟ್ಟೆ, ಅವನ ಕಣ್ಣಲ್ಲಿ ಕಣ್ಣಿಟ್ಟು. "ತಗೊಳ್ರಿ ದೊಡ್ಡಪ್ಪ, ಬಿಸಿ ಐತೆ." ಅವನು ತಟ್ಟೆ ಹಿಡಿದುಕೊಂಡೇ ಕೂತಿದ್ದ. ಅಷ್ಟು ರುಚಿಯಾದ ಮಂಡಕ್ಕಿಯನ್ನು ನಾನು ಮತ್ತೆ ಜೀವನದಲ್ಲಿ ತಿಂದಿಲ್ಲ.

ಗೆದ್ದವಳು ಅಲ್ಲಿಗೆ ಸುಮ್ಮನಾಗಬಹುದಿತ್ತು. ನನಗೆ ಸಾಲಲಿಲ್ಲ. ಅಪ್ಪನ ಹಾಸಿಗೆ ಬಲಗಡೆಯ ಕೋಣೆಗೆ ಬಂತು, ಅಕ್ಕ ಟೈಲರಿಂಗ್ ಕಲಿಯಲು ಹೊರಟಳು. ನಾನು ಮಾತ್ರ ದಿನಾ ಬೆಳಿಗ್ಗೆ, ದೊಡ್ಡಪ್ಪ ಪೇಪರ್ ಹಿಡಿದು ಜಗಲಿಗೆ ಬರುವ ಹೊತ್ತಿಗೆ ಸರಿಯಾಗಿ, ಅವನೆದುರಿಗೇ ಅಪ್ಪನನ್ನು ಕೂರಿಸಿ ಗಡ್ಡ ಮಾಡತೊಡಗಿದೆ. ಬ್ರಷ್ಷಿನ ಹಿಡಿಯನ್ನು ಬೇಕೆಂದೇ ಬಟ್ಟಲಿಗೆ ಟಕಟಕ ಕುಟ್ಟುತ್ತಿದ್ದೆ. ಸೋಮವಾರ, ಅಮಾವಾಸ್ಯೆ, ಯಾವುದನ್ನೂ ಬಿಡಲಿಲ್ಲ. ಅವ್ವ ಗೊಣಗಿದಳು, ಕೇಳಲಿಲ್ಲ. ದೊಡ್ಡಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಆಮೇಲೆ ಪಡಸಾಲೆಗೆ ಸರಿದ. ನಾನು ಅಪ್ಪನ ಕುರ್ಚಿಯನ್ನೂ ಪಡಸಾಲೆಗೆ ಸರಿಸಿದೆ. ಕೊನೆಗೆ ಅವನು ಮಾಳಿಗೆ ಹತ್ತಿ ಓದತೊಡಗಿದ. ಅಪ್ಪನನ್ನು ಅಲ್ಲಿಗೆ ಹತ್ತಿಸಲಾಗಲಿಲ್ಲವಲ್ಲ ಎಂಬುದೊಂದೇ ನನ್ನ ಕೊರಗು. ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದ.

"ಸಾಕ್ಮಾಡು ಗಿರಿಜಾ. ಓಣಿ ಮಂದಿ ನೋಡ್ತಾರೆ."

"ನೋಡ್ಲಿ ಅಂತಾನೇ ಮಾಡೋದ್ರಿ ದೊಡ್ಡಪ್ಪ."

ಎರಡು ವರ್ಷ ಹೀಗೇ ನಡೆಯಿತು. ಎರಡನೆಯ ಬೇಸಿಗೆಯಲ್ಲಿ ಅಪ್ಪನ ಗದ್ದದ ಕೆಳಗೆ ಬೆವರುಸಾಲೆ ಎದ್ದು ಕೆಂಪಗಾಗಿತ್ತು. ಅವತ್ತು ಮಾಳಿಗೆಯ ಮೇಲೆ ಬಿಸಿಲು ಜೋರಿದ್ದು ದೊಡ್ಡಪ್ಪ ಜಗಲಿಗೇ ಬರುತ್ತಾನೆಂದು ನನಗೆ ಗೊತ್ತಿತ್ತು. ಬೇಗ ಬೇಗ ನೊರೆ ಕಲೆಸಿದೆ. ಅಪ್ಪ ಮುಖ ತಿರುಗಿಸಿದ. ನಾನು ಗದ್ದ ಹಿಡಿದು ನನ್ನ ಕಡೆಗೆ ತಿರುಗಿಸಿಕೊಂಡೆ. ಮತ್ತೆ ತಿರುಗಿಸಿದ.

"ಇವತ್ತು... ಬ್ಯಾಡ."

"ದೊಡ್ಡಪ್ಪ ಬರ್ತಾರಪ್ಪ. ನಿನ್ನ ಹಿಂಗೇ ನೋಡ್ತಾರೆ."

ಅಪ್ಪನ ಎಡಗೈ ನನ್ನ ಮಣಿಕಟ್ಟನ್ನು ಹಿಡಿಯಿತು. ಸರಿಯಿದ್ದ ಆ ಒಂದೇ ಕೈಯ ಬಲವೆಲ್ಲ ಅದರಲ್ಲಿತ್ತು. ಮಾತು ಹೊರಡಲು ಹೊತ್ತು ಹಿಡಿಯಿತು, ನಾನು ಕಾಯಲೇಬೇಕಾಯಿತು.

"ಇದು... ನನ್ ಮುಖ ಐತವ್ವಾ. ಅವಂದಲ್ಲ."

ಜೋಳದ ಕೋಣೆಯಲ್ಲಿದ್ದಾಗ ಅಪ್ಪನನ್ನು ಯಾರೂ ಏನೂ ಕೇಳಿರಲಿಲ್ಲ. ಎರಡು ವರ್ಷದಿಂದ ನಾನೂ ಕೇಳಿರಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಪೇಪರ್ ಹಿಡಿದು ಹೊರಗೆ ಬಂದ. ಅಪ್ಪನ ಕುರುಚಲು ಗಡ್ಡ, ನನ್ನ ಕೈಯಲ್ಲಿ ನಿಂತುಹೋದ ಬ್ರಷ್ಷು, ಎರಡನ್ನೂ ನೋಡಿದ. ತುಟಿಯ ಅಂಚಿನಲ್ಲಿ ಒಂದು ನಗು ಬಂತು. ನನ್ನ ಮೈಯೆಲ್ಲ ಹೊತ್ತಿಕೊಂಡಿತು. ಅಪ್ಪ ಮಣಿಕಟ್ಟು ಬಿಡದೆಯೇ, "ಕಾಫಿ ತಾ ಹೋಗು" ಎಂದ.

ದೊಡ್ಡಪ್ಪ ಸತ್ತು ಎಷ್ಟೋ ವರ್ಷವಾಯಿತು. ಇನ್ನಾದರೂ ಅವರನ್ನು ಕ್ಷಮಿಸಿದೆಯೇನೇ ಎಂದು ಅಕ್ಕ ಈಗಲೂ ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ, ಆ ನಗುವನ್ನಂತೂ ಕ್ಷಮಿಸುವುದಿಲ್ಲ. ಆದರೆ ಆ ಬೆಳಿಗ್ಗೆ ನಾನು ಒಳಗೆ ಹೋಗಿ ಕಾಫಿ ತಂದು ಅಪ್ಪನ ಎಡಗೈಗೆ ಕೊಟ್ಟೆ. ಆಮೇಲೆ ಬಟ್ಟಲನ್ನು ಎತ್ತಿಕೊಂಡು ದೊಡ್ಡಪ್ಪನ ಎದುರಿಗೇ ನಡೆದುಹೋಗಿ, ಕಲೆಸಿದ್ದ ನೊರೆಯನ್ನೆಲ್ಲ ಬಚ್ಚಲಿಗೆ ಚೆಲ್ಲಿದೆ.